ಅನುಬಂಧದಲ್ಲಿದ್ದ ಸೊನ್ನೆ

"ಸಂಜೆ ನಾಲ್ಕು ಗಂಟೆಯೊಳಗೆ ಮಾಹಿತಿ ಬಾರದಿದ್ದಲ್ಲಿ ಶೂನ್ಯ ಎಂದು ಪರಿಗಣಿಸಲಾಗುವುದು."

ಈ ಸಾಲು ನನ್ನದು. ಇಂಥ ಸಾಲುಗಳು ನನಗಿಂತ ಮುಂಚೆಯೂ ಇಲಾಖೆಯಲ್ಲಿ ಅಲ್ಲಿ ಇಲ್ಲಿ ಓಡಾಡುತ್ತಿದ್ದವು ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ನಮ್ಮ ಸಚಿವರ ಕಚೇರಿಯಿಂದ ಹೊರಡುವ ಪ್ರತಿಯೊಂದು ಸಂದೇಶದ ಕೊನೆಗೂ ಅದನ್ನು ಮೊಳೆ ಹೊಡೆದ ಹಾಗೆ ಕೂರಿಸಿದವಳು ನಾನೇ. ಕೂರಿಸಿದ್ದಕ್ಕೆ ಭೇಷ್ ಅನ್ನಿಸಿಕೊಂಡವಳೂ ನಾನೇ.

ಆಗ ನಾನು ಶಾಲಾ ಶಿಕ್ಷಣ ಸಚಿವರ ಕಚೇರಿಯಲ್ಲಿ ಸದನದ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸುವ ಕೆಲಸದಲ್ಲಿದ್ದೆ. ಸಚಿವರೆಂದರೆ ಹಾರ, ಉದ್ಘಾಟನೆ, ಭಾಷಣ ಎಂದು ಜನ ತಿಳಿದಿರುತ್ತಾರೆ. ಹತ್ತಿರದಿಂದ ನೋಡಿದವರಿಗೆ ಆ ಹುದ್ದೆ ಬೇರೆಯೇ ಥರ ಕಾಣುತ್ತದೆ. ರಾಜ್ಯದ ಯಾವ ಮೂಲೆಯ ಶಾಲೆಯ ಬಗ್ಗೆ ಯಾರು ಏನು ಕೇಳಿದರೂ ಎದ್ದು ನಿಂತು, ಇದು ಹೀಗಿದೆ ಎಂದು ಹೇಳಬೇಕು. ಅಷ್ಟು ಶಾಲೆಗಳನ್ನು ಯಾವ ಮನುಷ್ಯನೂ ಕಣ್ಣಾರೆ ನೋಡಿರಲು ಸಾಧ್ಯವಿಲ್ಲ. ಸಚಿವರು ನೋಡುವುದು ಉತ್ತರದ ಹಿಂದೆ ನಾವು ಪಿನ್ನು ಹಾಕಿ ಸೇರಿಸುವ ಪಟ್ಟಿಯನ್ನು. ಅದನ್ನು ಅನುಬಂಧ ಅನ್ನುತ್ತೇವೆ. ಸದನದಲ್ಲಿ ಓದಿದ ಮೇಲೆ ಆ ಪಟ್ಟಿಯೇ ಸತ್ಯ. ಶಾಲೆ ಅದಕ್ಕೆ ಹೊಂದಿಕೊಳ್ಳಬೇಕು.

ಆ ಅಧಿವೇಶನದಲ್ಲಿ ಶಾಸಕರೊಬ್ಬರು ಚುಕ್ಕೆ ಗುರುತಿನ ಪ್ರಶ್ನೆ ಹಾಕಿದರು. ಸರ್ಕಾರಿ ಶಾಲೆಗಳಲ್ಲಿ ಶಿಥಿಲವಾಗಿರುವ ಕೊಠಡಿಗಳೆಷ್ಟು, ಶಾಲಾವಾರು ವಿವರ ನೀಡುವುದು. ಚುಕ್ಕೆ ಗುರುತಿನದೆಂದರೆ ಸಚಿವರು ಬಾಯಲ್ಲೇ ಉತ್ತರ ಹೇಳಬೇಕು, ಮೇಲೆ ಉಪಪ್ರಶ್ನೆಗಳನ್ನೂ ಎದುರಿಸಬೇಕು. ನಾವು ನಿರ್ದೇಶನಾಲಯಕ್ಕೆ ಕಳಿಸಿದೆವು, ಅವರು ಜಿಲ್ಲೆಗೆ, ಜಿಲ್ಲೆಯವರು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅವರು ಹತ್ತಾರು ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರಿನವರಿಗೆ, ಅವರು ಮುಖ್ಯ ಶಿಕ್ಷಕರ ವಾಟ್ಸಾಪ್ ಗುಂಪಿಗೆ. ಬೆಳಿಗ್ಗೆ ನಾವು ಕೊಟ್ಟ ಕಾಲಾವಕಾಶ ಇಳಿಯುತ್ತಾ ಇಳಿಯುತ್ತಾ ಕರಗಿ, ಕೊನೆಯ ಗುಂಪಿಗೆ ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು. ಸಂದೇಶದ ಕೆಳಗೆ ನನ್ನ ಸಾಲು.

ನಾಲ್ಕಕ್ಕೆ ಗುಂಪು ಮುಚ್ಚಿತು, ಆಮೇಲೆ ಅಡ್ಮಿನ್ ಬಿಟ್ಟು ಬೇರೆ ಯಾರೂ ಅದಕ್ಕೆ ಏನೂ ಹಾಕುವಂತಿರಲಿಲ್ಲ. ಐದೂವರೆಗೆ ಪಟ್ಟಿ ನಮ್ಮ ಕೈಗೆ ಬಂತು. ಅಂದವಾದ ಪಟ್ಟಿ, ಒಂದು ಕಾಲಮೂ ಖಾಲಿ ಇರಲಿಲ್ಲ. ಹಿಂದಿನ ಸಚಿವರ ಕಾಲದಲ್ಲಿ "ಮಾಹಿತಿ ನಿರೀಕ್ಷಿಸಲಾಗಿದೆ" ಎಂಬ ಮಾತು ಪುಟಪುಟಕ್ಕೂ ಇರುತ್ತಿತ್ತು, ಸದನದಲ್ಲಿ ನಗೆಪಾಟಲಾಗುತ್ತಿತ್ತು. ಅದಕ್ಕೇ ಸಚಿವರ ಆಪ್ತ ಕಾರ್ಯದರ್ಶಿ ಪಟ್ಟಿ ತಿರುವಿ ಹಾಕಿ ಹೇಳಿದ್ದರು: "ಮೇಡಂ, ನಿಮ್ ಸಾಲು ಬ್ರಹ್ಮಾಸ್ತ್ರ ಕಣ್ರೀ. ಒಂದಾದ್ರೂ ಖಾಲಿ ಇದ್ಯಾ ನೋಡಿ!"

ಮರುದಿನ ಸಚಿವರು ಓದಿದರು. ಉಪಪ್ರಶ್ನೆ ಎರಡು ಬಂದವು, ನಿಭಾಯಿಸಿದರು. ನಾನು ಆ ಸಂಜೆ ಹೆಬ್ಬಾಳದ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿದ್ದಕ್ಕೂ ಸೇರಿಸಿ ಖುಷಿಯಾಗಿದ್ದೆ.

ಸುಮಾರು ಒಂದೂವರೆ ತಿಂಗಳ ನಂತರ ಸಾರ್ವಜನಿಕರ ಭೇಟಿಯ ವೇಳೆಯಲ್ಲಿ ಒಬ್ಬ ಹೆಂಗಸು ಬಂದರು. ತುಮಕೂರು ರಸ್ತೆಯಲ್ಲಿ ಮಾಕಳಿ ದಾಟಿ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರಿನ ಶಾಲೆಯ ಮುಖ್ಯ ಶಿಕ್ಷಕಿ. ಮನೆ ಆರ್.ಟಿ. ನಗರ. ಅಲ್ಲಿಂದ ಯಶವಂತಪುರಕ್ಕೆ ಒಂದು ಬಸ್ಸು, ಯಶವಂತಪುರದಿಂದ ಶಾಲೆಗೆ ಇನ್ನೊಂದು. ಮನೆಯಲ್ಲಿ ದಖನಿ ಉರ್ದು ಮಾತಾಡುವ ಆಕೆಯ ಕನ್ನಡ ನಮ್ಮೆಲ್ಲರಿಗಿಂತ ತಿದ್ದಿ ತೀಡಿದ ಕನ್ನಡ. ಬ್ಯಾಗಿನಿಂದ ಊಟದ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಒಳಗೆ ಅಂಗೈಯಗಲದ ಗಾರೆಯ ಚಕ್ಕೆ, ಅದಕ್ಕೆ ಅಂಟಿಕೊಂಡ ತುಕ್ಕು ಹಿಡಿದ ಕಬ್ಬಿಣದ ಚೂರು.

"ಇದು ಮೊನ್ನೆ ಬಾಗಿಲ ಮೇಲಿಂದ ಬಿದ್ದದ್ದು ಮೇಡಂ. ದುರಸ್ತಿಗೆ ಪ್ರಸ್ತಾವನೆ ಕಳಿಸಿದ್ದೆ. ವಾಪಸ್ ಬಂದಿದೆ. ಏನು ಬರೆದಿದ್ದಾರೆ, ನೀವೇ ಓದಿ."

ಓದಿದೆ. ಮಾನ್ಯ ಸಚಿವರು ಸದನಕ್ಕೆ ನೀಡಿರುವ ಉತ್ತರದ ಅನುಬಂಧದಂತೆ ಸದರಿ ಶಾಲೆಯಲ್ಲಿ ಶಿಥಿಲ ಕೊಠಡಿಗಳ ಸಂಖ್ಯೆ ಶೂನ್ಯವಾಗಿದ್ದು, ಪ್ರಸ್ತಾವನೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.

"ನೀವು ಶೂನ್ಯ ಅಂತ ಕೊಟ್ಟಿದ್ರಾ?"

"ನಾನು ಏನೂ ಕೊಟ್ಟಿರಲಿಲ್ಲ ಮೇಡಂ. ಆ ದಿನ ಇಬ್ಬರೇ ಟೀಚರು. ಮಕ್ಕಳಿಗೆ ಊಟ ಬಡಿಸುತ್ತಿದ್ದೆವು, ಆಮೇಲೆ ಎರಡು ತರಗತಿ ಒಟ್ಟಿಗೆ ಕೂರಿಸಿಕೊಂಡೆ. ಫೋನ್ ಬೀರುವಿನಲ್ಲಿತ್ತು. ನಾಲ್ಕೂ ಇಪ್ಪತ್ತಕ್ಕೆ ನೋಡಿ ಫೋಟೋ ಕಳಿಸಲು ಹೋದರೆ ಗುಂಪು ಮುಚ್ಚಿತ್ತು. ಕಚೇರಿಗೆ ಫೋನ್ ಮಾಡಿದೆ. ಮುಂದಿನ ಸಲ ಕೊಡಿ ಮೇಡಂ, ಈ ಸಲ ಹೋಗಾಯ್ತು ಅಂದರು." ಡಬ್ಬಿಯನ್ನು ನನ್ನ ಕಡೆ ಸರಿಸಿ ಕೇಳಿದರು: "ನಾಲ್ಕೂ ಇಪ್ಪತ್ತಕ್ಕೆ ಕೊಠಡಿ ಇತ್ತಲ್ಲ ಮೇಡಂ?"

ನನಗೆ ಭಾಷೆ ಕಲಿಸಿದ್ದು ನಮ್ಮಜ್ಜ. ಅಲ್ಲಾಳಸಂದ್ರದ ಕೆರೆ ಏರಿಯ ಪಕ್ಕದ ಮನೆಯ ಜಗಲಿಯಲ್ಲಿ ಕೂತು ಊರವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದರು. ಗೋಡೆ ಬಿದ್ದಿದೆ, ಅರ್ಜಿ ಬರೀರಿ ಎಂದು ಯಾರಾದರೂ ಬಂದರೆ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, "ನಡಿ, ಮೊದ್ಲು ಗೋಡೆ ತೋರ್ಸು" ಎಂದು ಎದ್ದುಬಿಡುತ್ತಿದ್ದರು. ಅವರ ಒಕ್ಕಣೆಯನ್ನೆಲ್ಲ ನಾನು ಕಲಿತೆ. ಎದ್ದು ಹೋಗುವುದನ್ನು ಕಲಿಯಲಿಲ್ಲ ಎಂಬುದು ಆ ಡಬ್ಬಿ ನೋಡುವಾಗ ತಿಳಿಯಿತು.

ಆ ಶನಿವಾರ ರಜೆ ಹಾಕಿ ಶಾಲೆಗೆ ಹೋದೆ. ಮೂರು ಕೊಠಡಿಯ ಶಾಲೆ. ಕೊನೆಯದರ ಬಾಗಿಲ ಮೇಲಿನ ಲಿಂಟಲ್ ತೊಲೆ ನಡುವೆ ಸೀಳಿ, ಕಂಬಿಗಳು ಹೊರಗೆ ಕಾಣುತ್ತಿದ್ದವು. ಮುಖ್ಯ ಶಿಕ್ಷಕಿ ಮಕ್ಕಳನ್ನು ಪಡಸಾಲೆಗೆ ವರ್ಗಾಯಿಸಿ, ಕೊಠಡಿಯ ಮುಂದೆ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದರು. ಗೆರೆ ದಾಟಿದರೆ ಅಂದಿನ ಆಟ ಬಂದ್. ಮಕ್ಕಳು ಚೆಂಡು ಆ ಕಡೆ ಉರುಳಿದರೂ ಗೆರೆಯ ಈಚೆ ನಿಂತು ಕೂಗುತ್ತಿದ್ದವು. ಗೆರೆ ದಾಟುವ ಅಪ್ಪಣೆ ಇದ್ದದ್ದು ಒಬ್ಬರಿಗೆ, ಬಿಸಿಯೂಟದ ಅಡುಗೆಯ ಅಕ್ಕನಿಗೆ. ಅಕ್ಕಿ ಮೂಟೆ ಇಡಲು ಬೇರೆ ಜಾಗ ಇರಲಿಲ್ಲ. ಹೊರಗಿಟ್ಟರೆ ಇಲಿ, ಮಳೆ.

"ನೀವ್ ಒಳಗ್ ಓಗ್ತೀರಲ್ಲಕ್ಕ, ಭಯ ಆಗಲ್ವಾ?" ಅಂದೆ. ಅವರ ಜೊತೆ ಮಾತಾಡುವಾಗ ನನ್ನ ನಾಲಿಗೆಯೂ ಹಳೆಯ ಅಲ್ಲಾಳಸಂದ್ರಕ್ಕೆ ಹೊರಳಿತು.

"ಆಗ್ತದೆ. ಅದ್ಕೇ ಓಡೋಗಿ ಓಡ್ಬರ್ತೀನಿ," ಎಂದು ನಕ್ಕರು. "ಅಕ್ಕಿ ಮ್ಯಾಲ್ ಬಿದ್ರೆ ಅಕ್ಕಿ ಓಯ್ತದೆ. ಮಕ್ಳ ಮ್ಯಾಲ್ ಬಿದ್ರೆ? ಅದ್ಕೇ ಮೇಡಂ ಇಂಗ್ ಮಾಡವ್ರೆ. ನೀವು ಮಿನಿಸ್ಟ್ರು ಆಫೀಸೋರಂತೆ? ಸಾರು ಇಡಿಸ್ತದಾ ನಿಮ್ಗೆ? ಕೂತ್ಕಳಿ ಕೂತ್ಕಳಿ, ಸೊಪ್ಪಿನ್ ಸಾರು, ಊಟ ಮಾಡ್ದೆ ಓಗಂಗಿಲ್ಲ."

ಮಕ್ಕಳ ಸಾಲಿನಲ್ಲೇ ಕೂತು ಉಂಡೆ. ಬಡಿಸುವ ಆ ಬಲಗೈ ನನಗೆ ಚೆನ್ನಾಗಿ ನೆನಪಿದೆ. ಎರಡು ಹಸಿರು ಬಳೆ, ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಗಾಯದ ಗುರುತು.

ಸೋಮವಾರ ಟಿಪ್ಪಣಿ ಬರೆದೆ. ಸಚಿವರು ಸದನಕ್ಕೆ ಕೊಟ್ಟ ಮಾಹಿತಿಯಲ್ಲಿ ತಪ್ಪಿದೆಯೆಂದು ಗೊತ್ತಾದರೆ ಸಭಾಧ್ಯಕ್ಷರ ಅನುಮತಿ ಪಡೆದು ತಿದ್ದುಪಡಿ ಹೇಳಿಕೆ ಕೊಡಬಹುದು. ಹಾಗೆ ಕೊಟ್ಟರೆ ಸೊನ್ನೆ ಹೋಗಿ ಒಂದು ಬರುತ್ತದೆ, ಪ್ರಸ್ತಾವನೆ ಮತ್ತೆ ಜೀವ ಪಡೆಯುತ್ತದೆ. ನಿಯಮ, ಹಿಂದಿನ ನಿದರ್ಶನ, ಕರಡು ಹೇಳಿಕೆ, ಎಲ್ಲ ಸೇರಿಸಿ ಕಡತ ಕಟ್ಟಿದೆ. ಒಳ್ಳೆಯ ಟಿಪ್ಪಣಿ. ಈಗಲೂ ಓದಿದರೆ ಒಂದು ಅಕ್ಷರ ಬದಲಿಸುವ ಹಾಗಿಲ್ಲ.

ಆಪ್ತ ಕಾರ್ಯದರ್ಶಿ ಓದಿ ಕನ್ನಡಕ ತೆಗೆದರು. ಕೆಟ್ಟ ಮನುಷ್ಯರಲ್ಲ. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ದಿನಾ ವಿಚಾರಿಸಿದವರು.

"ಅಧಿವೇಶನ ಇಲ್ದೇ ಇರೋವಾಗ ಹೇಳಿಕೆ ಯಾರ್ ಮುಂದೆ ಓದ್ತಾರೆ ಮೇಡಂ? ಮುಂದಿನ ತಿಂಗಳು ಸದನ ಸೇರುತ್ತಲ್ಲ, ಆವಾಗ ಮಂಡಿಸೋಣ. ಈಗ್ಲೇ ಹೊರಗ್ ಬಿದ್ರೆ ಸದನಕ್ಕೆ ಸುಳ್ಳು ಹೇಳಿದ್ರು, ಹಕ್ಕುಚ್ಯುತಿ ಅಂತ ಎಬ್ಬಿಸ್ತಾರೆ."

"ಅಲ್ಲೀತನಕ ಆ ರೂಮು, ಸಾರ್?"

"ಮಕ್ಕಳು ಅಲ್ಲಿ ಕೂರ್ತಾ ಇಲ್ವಲ್ಲ."

ಕೂರುತ್ತಿಲ್ಲ ಎಂದು ಟಿಪ್ಪಣಿಯಲ್ಲಿ ಬರೆದವಳು ನಾನೇ. ಕಡತ ಅವರ ಮೇಜಿನ ಎಡಗಡೆಯ ಸೆಳೆಖಾನೆಗೆ ಹೋಯಿತು. ನಾನು ನನ್ನ ಮೇಜಿಗೆ ಬಂದೆ. ಮುಖ್ಯ ಶಿಕ್ಷಕಿಗೆ ಫೋನ್ ಮಾಡಿ, "ಕಡತ ಮೇಲಕ್ಕೆ ಹೋಗಿದೆ ಮೇಡಂ, ಸ್ವಲ್ಪ ತಾಳಿ" ಅಂದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಒಬ್ಬ ಇಂಜಿನಿಯರನ್ನು ಕಳಿಸಿ ಆ ಬಾಗಿಲಿಗೆ ನಾಲ್ಕು ಮರದ ಆಸರೆಗಂಬ ಕೊಡಿಸಲು ಸದನ ಸೇರಬೇಕಿರಲಿಲ್ಲ. ಸಚಿವರ ಕಚೇರಿಯಿಂದ ಒಂದು ಫೋನು ಸಾಕಿತ್ತು. ಆ ಫೋನು ನನ್ನ ಮೇಜಿನ ಮೇಲೇ ಇತ್ತು. ಅಕ್ಕಿ ಮೂಟೆಗಳನ್ನು ಊರಲ್ಲಿ ಯಾರದಾದರೂ ಮನೆಯಲ್ಲಿಡಿ ಎಂದು ಒಂದು ಮಾತು ಹೇಳಬಹುದಿತ್ತು. ಹೆದರಿ ಸುಮ್ಮನಿದ್ದೆ ಎಂದರೆ ಸುಳ್ಳಾದೀತು. ನನಗದು ಹೊಳೆಯಲೇ ಇಲ್ಲ. ಇಷ್ಟು ವರ್ಷ ಕಡತದೊಳಗೆ ಬದುಕಿದವಳಿಗೆ ಸೊನ್ನೆಯನ್ನು ತಿದ್ದುವ ದಾರಿ ಮಾತ್ರ ಕಾಣಿಸಿತ್ತು.

ಹದಿನೈದು ದಿನ ಕಳೆದಿರಬಹುದು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮುಖ್ಯ ಶಿಕ್ಷಕಿಯ ಫೋನ್ ಬಂತು. ಆ ತಿದ್ದಿದ ಕನ್ನಡ ಎಲ್ಲೂ ಇರಲಿಲ್ಲ. "ಬಿತ್ತು ಮೇಡಂ... ಅಕ್ಕ ಒಳಗೆ... ಕೈ ಮೇಲೆ... ಯಾ ಅಲ್ಲಾ, ಕೈ ಮೇಲೆ ಮೇಡಂ." ಹಿಂದೆ ಮಕ್ಕಳ ಅಳು. ಅಡುಗೆಯ ಅಕ್ಕ ಅಕ್ಕಿ ಅಳೆದುಕೊಂಡು ಓಡಿ ಬರುವಾಗ ಬಾಗಿಲಲ್ಲೇ ಸಿಕ್ಕಿಕೊಂಡಿದ್ದರು. ಊರಿನವರು ಸಲಾಕೆ ತಂದು ಎತ್ತಿದರು. ಜೀವ ಉಳಿಯಿತು. ಬಲಗೈಯನ್ನು ಮೊಣಕೈಯ ಕೆಳಗೆ ತೆಗೆಯಬೇಕಾಯಿತು.

ಮುಂದಿನ ವಾರ ಅಧಿವೇಶನ ಶುರು. ಅದೇ ಶಾಸಕರು ಗಮನ ಸೆಳೆಯುವ ಸೂಚನೆ ಕೊಟ್ಟರು: ಸೊನ್ನೆ ಎಂದು ಹೇಳಿದ ಶಾಲೆಯಲ್ಲಿ ಬಿದ್ದದ್ದು ಏನು? ಇಲಾಖೆಯಿಂದ ಕರಡು ಉತ್ತರ ಬಂತು. ಆಪ್ತ ಕಾರ್ಯದರ್ಶಿ ನನ್ನ ಮುಂದಿಟ್ಟರು.

"ಭಾಷೆ ಒಂದ್ಸಲ ಸರಿಮಾಡಿಕೊಡಿ ಮೇಡಂ. ನಿಮ್ ಕೈಲಿ ಆದ್ರೆ ನೀಟಾಗಿರುತ್ತೆ."

ಉತ್ತರ ಎಷ್ಟು ಜಾಣತನದ್ದೆಂದರೆ ನಾನು ಎರಡು ಸಲ ಓದಿ ಮೆಚ್ಚುವ ಹಂತಕ್ಕೆ ಬಂದು ಎಚ್ಚೆತ್ತೆ. ಸದರಿ ಕೊಠಡಿಯು ಘಟನೆಯ ವೇಳೆ ತರಗತಿ ಕೊಠಡಿಯಾಗಿರದೆ ದಾಸ್ತಾನು ಕೊಠಡಿಯಾಗಿತ್ತು, ಆದ್ದರಿಂದ ಈ ಹಿಂದಿನ ಉತ್ತರದಲ್ಲಿ ಯಾವುದೇ ದೋಷವಿಲ್ಲ. ಅಸುರಕ್ಷಿತ ಕೊಠಡಿಯ ಬಗ್ಗೆ ನಿಗದಿತ ಅವಧಿಯಲ್ಲಿ ವರದಿ ಮಾಡದೆ, ಅದನ್ನು ದಾಸ್ತಾನಿಗೆ ಬಳಸಿದ ಮುಖ್ಯ ಶಿಕ್ಷಕಿಯನ್ನು ಅಮಾನತಿನಲ್ಲಿಡಲು ಕ್ರಮ ಕೈಗೊಳ್ಳಲಾಗಿದೆ. ಆಕೆ ಮಕ್ಕಳನ್ನು ಹೊರಗೆ ಕೂರಿಸಿದ್ದರಲ್ಲ, ಆ ಕೊಠಡಿಯನ್ನು ಲೆಕ್ಕದಿಂದ ಕೈಬಿಡಲು ಅದೇ ಕಾರಣವಾಗಿತ್ತು. ಸುಣ್ಣದ ಗೆರೆ ಆಕೆಯ ಕುತ್ತಿಗೆಗೇ ಸುತ್ತಿಕೊಂಡಿತ್ತು.

"ಇದನ್ನ ನಾನು ತಿದ್ದಲ್ಲ ಸಾರ್," ಅಂದೆ.

"ತಿದ್ದಬೇಡಿ. ಹಂಗೇ ಹೋಗ್ಲಿ."

"ಹಂಗೂ ಹೋಗಲ್ಲ. ನಾನು ಬೇರೆ ಬರೀತೀನಿ."

ಕೈಬರಹದಲ್ಲಿ ಬರೆದೆ, ಒಂದೇ ಪುಟ. ಶಾಲೆಯಿಂದ ಮಾಹಿತಿ ಬಂದಿರಲಿಲ್ಲ. ಬಾರದ ಮಾಹಿತಿಯನ್ನು ಶೂನ್ಯ ಎಂದು ನಮೂದಿಸಲಾಯಿತು. ಹಾಗೆ ನಮೂದಿಸುವ ಸೂಚನೆ ಈ ಕಚೇರಿಯಿಂದಲೇ ಹೋಗಿತ್ತು. ಅದನ್ನು ರೂಪಿಸಿದವಳು ಕೆಳಗೆ ಸಹಿ ಮಾಡಿರುವ ನಾನು. ತಪ್ಪು ತಿಳಿದ ಮೇಲೆ ಬರೆದ ಟಿಪ್ಪಣಿ ಇಂಥ ದಿನದಿಂದ ಬಾಕಿ ಇದೆ. ಮುಖ್ಯ ಶಿಕ್ಷಕಿಯ ಲೋಪವಿಲ್ಲ. ಮರುದಿನ ಬೆಳಿಗ್ಗೆ ಸಚಿವರು ಸದನಕ್ಕೆ ಹೊರಡುವ ಮುನ್ನ, ಯಾರ ಮೂಲಕವೂ ಕಳಿಸದೆ ಅವರ ಕೈಗೇ ಕೊಟ್ಟೆ. ಆಪ್ತ ಕಾರ್ಯದರ್ಶಿ ಪಕ್ಕದಲ್ಲೇ ನಿಂತಿದ್ದರು.

ಸಚಿವರು ನಿಧಾನವಾಗಿ ಓದುವವರು. ಮೇಷ್ಟ್ರ ಮಗ. ಬೆರಳಿಟ್ಟು ಓದುತ್ತಿದ್ದರು.

"ಏನಮ್ಮಾ, ನಿಮ್ ಹೆಸರು ಯಾಕ್ ಬರ್ದಿದ್ದೀರಿ?"

"ಆ ಸಾಲು ನಂದೇ ಸಾರ್."

"ಅಂದ್ರೆ, ಅವತ್ತು ನಾನು ನಿಂತು ಓದಿದ್ದು?"

"ಆ ಶಾಲೆಯೋರು ಏನೂ ಹೇಳಿರ್ಲಿಲ್ಲ ಸಾರ್. ನಾವೇ ಸೊನ್ನೆ ಹಾಕ್ಕೊಂಡ್ವಿ."

ಅನುಬಂಧದ ಪ್ರತಿ ತರಿಸಿದರು. ಪುಟ ತಿರುಗಿಸಿದರು, ಇನ್ನೊಂದು, ಮತ್ತೊಂದು. ಕಾಲಮಿನ ಉದ್ದಕ್ಕೂ ಸೊನ್ನೆಗಳು ಅಚ್ಚುಕಟ್ಟಾಗಿ ಕೂತಿದ್ದವು.

"ಇದ್ರಲ್ಲಿ ಇನ್ನೂ ಎಷ್ಟು ಹಿಂಗೆ?"

"ಗೊತ್ತಿಲ್ಲ ಸಾರ್. ಅವರು ಕೊಟ್ಟ ಸೊನ್ನೆಗೂ ನಾವು ಹಾಕಿದ ಸೊನ್ನೆಗೂ ಗುರುತು ಇಟ್ಟಿಲ್ಲ."

ಆಪ್ತ ಕಾರ್ಯದರ್ಶಿ ಮೆಲ್ಲಗೆ ಹೇಳಿದರು: "ಸಾರ್, ಇದನ್ನ ಓದಿದ್ರೆ ಇಲ್ಲೀವರ್ಗೂ ಕೊಟ್ಟ ಅಷ್ಟೂ ಉತ್ತರ ಕೆದಕ್ತಾರೆ."

ಸಚಿವರು ಕಿಟಕಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ. "ಆ ಟೀಚರಮ್ಮನ ಅಮಾನತು ಇವತ್ತೇ ನಿಲ್ಲಿಸ್ತೀನಿ. ಸೊನ್ನೆ ತಪ್ಪು ಅಂತಾನೂ ಹೇಳ್ತೀನಿ. ಆದ್ರೆ ಇದಿಷ್ಟನ್ನೂ ಹೊತ್ಕೊಂಡು ಅಲ್ಲಿ ನಿಲ್ಲೋಕೆ ನನ್ ಕೈಲಾಗಲ್ಲಮ್ಮಾ." ಪೆನ್ನು ತೆಗೆದು ನನ್ನ ಪುಟದ ನಡುವಿನ ನಾಲ್ಕು ಸಾಲುಗಳಿಗೆ ಅಡ್ಡಗೆರೆ ಎಳೆದು, ಮೇಲೆ ಎರಡು ಪದ ಬರೆದರು.

ಸದನದಲ್ಲಿ ಅವರು ಓದುವಾಗ ನಾನು ಅಧಿಕಾರಿಗಳ ಸಾಲಿನಲ್ಲಿ ಕೂತಿದ್ದೆ. "ಬೆರಳಚ್ಚಿನ ದೋಷದಿಂದಾಗಿ ಸದರಿ ಶಾಲೆಯ ಮುಂದೆ ಶೂನ್ಯ ಎಂದು ನಮೂದಾಗಿದ್ದು, ಅದನ್ನು ಒಂದು ಎಂದು ಓದಿಕೊಳ್ಳತಕ್ಕದ್ದು." ಒಂದು ಎನ್ನುವಾಗ ಅವರ ಧ್ವನಿ ಸ್ವಲ್ಪ ತಗ್ಗಿತು. ಕೂಗಾಟ ಐದು ನಿಮಿಷ ನಡೆಯಿತು, ಮುಂದಿನ ವಿಷಯಕ್ಕೆ ಹೋದರು. ಆ ಅನುಬಂಧವನ್ನು ಬೆರಳಚ್ಚು ಮಾಡಿದ ನಮ್ಮ ಕಚೇರಿಯ ಹೆಣ್ಣುಮಗಳು ಆ ಸಂಜೆ ನನ್ನ ಹತ್ತಿರ ಬಂದು, "ನಾನ್ ಸರಿಯಾಗೇ ಹೊಡ್ದಿದ್ನಲ್ಲ ಅಕ್ಕ?" ಎಂದು ಕೇಳಿದಳು. ಸರಿಯಾಗೇ ಹೊಡೆದಿದ್ದೀಯ, ತಪ್ಪು ನಿನ್ನದಲ್ಲ ಎಂದೆ.

ನನ್ನನ್ನು ಹಳೆಯ ಕಡತಗಳ ಶಾಖೆಗೆ ಹಾಕಿದರು. ಮುಖ್ಯ ಶಿಕ್ಷಕಿ ಅದೇ ಶಾಲೆಯಲ್ಲಿ ಉಳಿದರು. ಕೊಠಡಿಯನ್ನು ಕೆಡವಿದ್ದಾರೆ, ಹೊಸದು ಇನ್ನೂ ಎದ್ದಿಲ್ಲ. ಒಂದು ದಿನ ಹೋಗಿದ್ದೆ. ಅಡುಗೆಯ ಕೆಲಸಕ್ಕೆ ಬೇರೆಯವರು ಬಂದಿದ್ದರು. ಅಕ್ಕ ಮನೆಯ ಮುಂದೆ ಕೂತಿದ್ದರು, ಸೆರಗು ಬಲಗಡೆಗೆ ಪೂರ್ತಿ ಇಳಿಬಿಟ್ಟುಕೊಂಡು. ನಾನು ಎಲ್ಲವನ್ನೂ ಹೇಳಿದೆ. ಸಾಲು ನನ್ನದು, ಫೋನು ನನ್ನ ಮೇಜಿನ ಮೇಲಿತ್ತು, ಎಲ್ಲ. ಕೇಳಿಸಿಕೊಂಡರು. ಬೈಯಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ.

"ಅವತ್ತು ಬಂದಿದ್ರಲ್ಲ, ನೋಡಿದ್ರಲ್ಲ," ಅಂದರು. ಆಮೇಲೆ ಒಳಗೆ ತಿರುಗಿ ಸೊಸೆಗೆ, "ಒಂದು ಲೋಟ ನೀರ್ ಕೊಡವ್ವ ಇವ್ರಿಗೆ" ಎಂದರು.

ಹೋದ ವಾರ ಮಧ್ಯಾಹ್ನ ಕಡತಗಳ ದೂಳು ಕೊಡವುತ್ತಿದ್ದಾಗ ಮುಖ್ಯ ಶಿಕ್ಷಕಿಯ ಸಂದೇಶ ಬಂತು. ಅವರ ಗುಂಪಿಗೆ ಬಂದದ್ದನ್ನು ನನಗೆ ಕಳಿಸಿದ್ದರು. ಈ ಸಲದ ಪ್ರಶ್ನೆ ಕುಡಿಯುವ ನೀರಿನ ತೊಟ್ಟಿಗಳ ಬಗ್ಗೆ. ಕೊನೆಗೆ ನನ್ನ ಸಾಲು, ಒಂದು ಅಕ್ಷರ ಬದಲಾಗಿರಲಿಲ್ಲ. ಅದರ ಕೆಳಗೆ ಅವರು ಬರೆದಿದ್ದರು: "ನಾನು ಕೂಡಲೇ ಕಳಿಸಿದೆ ಮೇಡಂ. ಈಗ ಫೋನ್ ಕೈಯಲ್ಲಿಟ್ಟುಕೊಂಡೇ ಪಾಠ ಮಾಡುತ್ತೇನೆ."

ಗಡಿಯಾರ ನೋಡಿದೆ. ಮೂರೂ ಮುಕ್ಕಾಲು. ಅಂದಿನ ಅನುಬಂಧದ ಒಂದು ಪ್ರತಿ ನನ್ನ ಹತ್ತಿರ ಇದೆ, ಶಾಲೆಯ ಹೆಸರಿನ ಪಕ್ಕ ಮುಖ್ಯ ಶಿಕ್ಷಕರ ಫೋನ್ ನಂಬರು ಇರುವ ಪ್ರತಿ. ಈಗ ಆ ಕೆಲಸ ನನ್ನದಲ್ಲ, ಈ ಸೊನ್ನೆ ನೀವು ಕೊಟ್ಟದ್ದೋ ನಾವು ಹಾಕಿದ್ದೋ ಎಂದು ಕೇಳುವ ಅಧಿಕಾರವೂ ನನಗಿಲ್ಲ. ಮೊದಲ ಪುಟ ತೆಗೆದು, ಮೊದಲ ಸೊನ್ನೆಯ ಸಾಲಿನಲ್ಲಿದ್ದ ನಂಬರು ಒತ್ತಿದೆ.

ರಿಂಗ್ ಆಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಪಾಠ ಮಾಡುತ್ತಿದ್ದಿರಬೇಕು.